ಮೂರು ಮೊಳ ದೂರದ ದನಿ

ಮೊದಲನೆಯ ದಿನ

ವಿಮಾನ ನಿಲ್ದಾಣದಿಂದ ಬಸ್ಸು ಗಲಿಲಾಯದ ಕಡೆ ಹೊರಟಾಗ ಅತ್ತೆ ಕಿಟಕಿ ಪಕ್ಕದ ಸೀಟನ್ನು ನನಗೇ ಬಿಟ್ಟರು. “ನೀನು ನೋಡು. ಇದನ್ನೆಲ್ಲಾ ನಿನಗೆ ತೋರಿಸಬೇಕು ಅಂತಿದ್ದ ಅವನು” ಎಂದು ಹೇಳಿ ಕಣ್ಣು ಮುಚ್ಚಿಕೊಂಡರು.

ಈ ಪ್ರವಾಸಕ್ಕೆ ಮುಂಗಡ ಕಟ್ಟಿದ್ದು ನನ್ನ ಗಂಡ. ಮದುವೆಯಾಗಿ 25 ವರ್ಷ ತುಂಬುವ ಹೊತ್ತಿಗೆ ಯೇಸು ಸ್ವಾಮಿ ನಡೆದಾಡಿದ ನೆಲವನ್ನು ಇಬ್ಬರೂ ನೋಡಿ ಬರಬೇಕು ಎನ್ನುವುದು ಅವರ ಆಸೆ. ಹಣ ಕಟ್ಟಿದ ಮೂರನೇ ತಿಂಗಳಿಗೆ ಕಾಯಿಲೆ ಗೊತ್ತಾಯಿತು. ಎರಡು ವರ್ಷ ಚಿಕಿತ್ಸೆ. ಉಪವಾಸ ಪ್ರಾರ್ಥನೆ, ಸರಪಳಿ ಪ್ರಾರ್ಥನೆ, ಎಣ್ಣೆ ಹಚ್ಚಿ ಮಾಡಿದ ಪ್ರಾರ್ಥನೆ, ಯಾವುದನ್ನೂ ಬಿಡಲಿಲ್ಲ. ನಡುವೆ ಒಮ್ಮೆ ವರದಿ ಚೆನ್ನಾಗಿ ಬಂತು. ಸಭೆಯ ಮುಂದೆ ನಿಂತು ದೇವರು ಗುಣಪಡಿಸಿದ ಎಂದು ಸಾಕ್ಷಿ ಹೇಳಿದೆವು, ಎಲ್ಲರೂ ಹಲ್ಲೆಲೂಯ ಎಂದರು. ಐದು ತಿಂಗಳಲ್ಲಿ ಕಾಯಿಲೆ ಮರಳಿತು. ಅವರು ತೀರಿಕೊಂಡು ಈಗ ಹದಿನಾಲ್ಕು ತಿಂಗಳು.

ಹೇಳಿದ ಸಾಕ್ಷಿ ಸುಳ್ಳಾದಂತೆ ಕಂಡಾಗ ಆಗುವ ಸಂಕಟ ಬೇರೆಯೇ. ದುಃಖದ ಜೊತೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ. ದೇವರ ಹೆಸರನ್ನು ನಾವೇ ಕೆಡಿಸಿದೆವೇನೋ ಎನ್ನಿಸುತ್ತದೆ. ಅಂಥ ಹೊತ್ತಿನಲ್ಲಿ, ಸಮಾಧಿಯಾಗಿ ಮೂರು ವಾರವೂ ಕಳೆದಿರಲಿಲ್ಲ, ಪ್ರಾರ್ಥನಾ ಕೂಟದ ಒಬ್ಬರು ಬಂದು “ನಂಬಿಕೆ ಇನ್ನೂ ಸ್ವಲ್ಪ ಗಟ್ಟಿಯಾಗಿದ್ದಿದ್ದರೆ ಉಳೀತಿದ್ದರೇನೋ” ಎಂದರು. ಅತ್ತೆ ಅಲ್ಲೇ ಕೂತಿದ್ದರು. ಅವತ್ತಿನಿಂದ ಅವರು ಆರಾಧನೆಗೆ ತಪ್ಪದೆ ಬರುತ್ತಾರೆ, ಹಾಡುವಾಗ ಮಾತ್ರ ತುಟಿ ತೆರೆಯುವುದಿಲ್ಲ. ಜೋರಾಗಿ ಪ್ರಾರ್ಥಿಸಿದ್ದನ್ನೂ ನಾನು ಕೇಳಿಲ್ಲ. ಯಾಕೆಂದು ಕೇಳುವ ಧೈರ್ಯ ನನಗೆ ಬಂದಿಲ್ಲ.

ಗಂಡನ ಸೀಟಿನಲ್ಲಿ ಅತ್ತೆಯನ್ನು ಕರೆತಂದಿದ್ದೇನೆ. ಕಷ್ಟದಲ್ಲಿ ದೇವರನ್ನು ನಂಬು ಎಂದು ಎಲ್ಲರೂ ಹೇಳುತ್ತಾರೆ. ನಂಬುವವಳು ಬೆಳಿಗ್ಗೆ ಎದ್ದು ಏನು ಮಾಡಬೇಕು? ಅದನ್ನು ಯಾರೂ ಹೇಳಿಕೊಡಲಿಲ್ಲ. ಆ ಪ್ರಶ್ನೆ ಇಟ್ಟುಕೊಂಡೇ ಬಂದಿದ್ದೇನೆ.

ಎರಡನೆಯ ದಿನ

ಗಲಿಲಾಯ ಸಮುದ್ರ ನಿಜಕ್ಕೂ ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ 13. ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿದೆ. ಸುತ್ತ ಬೆಟ್ಟ, ನಡುವೆ ಬಟ್ಟಲಿನಂತೆ ನೀರು. ಬೆಟ್ಟದ ಮೇಲಿನ ತಣ್ಣನೆಯ ಗಾಳಿ ಕೆಳಗಿನ ಬಿಸಿಗಾಳಿಯ ಮೇಲೆ ಬಂದು ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಅಲೆ ಏಳುತ್ತದಂತೆ. ನಾವು ಹೋದ ಬೆಳಿಗ್ಗೆ ನೀರು ಕದಲುತ್ತಿರಲಿಲ್ಲ.

ದೋಣಿ ಹತ್ತುವ ಮೊದಲು ಗಿನೋಸಾರ್‌ನಲ್ಲಿ ಹಳೆಯ ದೋಣಿಯೊಂದನ್ನು ನೋಡಿದೆವು. 1986ರಲ್ಲಿ ಬರ ಬಂದು ನೀರು ಇಳಿದಾಗ ಇಬ್ಬರು ಮೀನುಗಾರ ಅಣ್ಣತಮ್ಮಂದಿರಿಗೆ ಕೆಸರಿನಲ್ಲಿ ಇದು ಕಂಡಿತು. ಕ್ರಿಸ್ತಶಕ ಒಂದನೇ ಶತಮಾನದ ಆಸುಪಾಸಿನದು, ಉದ್ದ ಎಂಟು ಮೀಟರಿಗಿಂತ ಸ್ವಲ್ಪ ಹೆಚ್ಚು. ಇದು ಯೇಸುವಿನದೇ ದೋಣಿ ಎಂದು ಯಾರೂ ಸಾಧಿಸುತ್ತಿಲ್ಲ, ನನಗೂ ಅದು ಬೇಕಿಲ್ಲ. ನನ್ನ ಕಣ್ಣು ನೆಟ್ಟದ್ದು ಅದರ ತೇಪೆಗಳ ಮೇಲೆ. ಹತ್ತು ಹನ್ನೆರಡು ಜಾತಿಯ ಮರ ಅದರಲ್ಲಿದೆ. ಹಲಗೆ ಕೆಟ್ಟಾಗೆಲ್ಲ ಕೈಗೆ ಸಿಕ್ಕ ತುಂಡನ್ನು ಕೂಡಿಸಿ ಮತ್ತೆ ನೀರಿಗಿಳಿಸಿದ್ದಾರೆ. ಬಿರುಗಾಳಿಯ ರಾತ್ರಿ ಶಿಷ್ಯರು ಕೂತಿದ್ದದ್ದು ಇಂಥದ್ದರಲ್ಲೇ ಇರಬೇಕು. ಬಾಲ್ಯದಿಂದ ಭಾನುವಾರ ಶಾಲೆಯ ಚಿತ್ರದಲ್ಲಿ ನಾನು ಕಂಡಿದ್ದ ದೋಣಿ ಹಡಗಿನಷ್ಟಿತ್ತು. ಇದು ಹದಿನೈದು ಜನ ಕೂತರೆ ತುಂಬಿಹೋಗುವಂಥದು. ಇದರೊಳಗೆ ಅಲೆ ನುಗ್ಗಿದರೆ ಯಾರಾದರೂ ಕಿರುಚುತ್ತಾರೆ.

ನಡುನೀರಿನಲ್ಲಿ ಎಂಜಿನ್ ನಿಲ್ಲಿಸಿ ಪಾಸ್ಟರ್ ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯ ಓದಿದರು. ಸ್ವಾಮಿ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ಒರಗಿ ನಿದ್ದೆ ಮಾಡುತ್ತಿದ್ದಾನೆ. ಶಿಷ್ಯರು ಎಬ್ಬಿಸಿ ಹೇಳುವ ಮಾತು ವಿನಯದ್ದೇನೂ ಅಲ್ಲ: ಗುರುವೇ, ನಾವು ಮುಳುಗಿ ಸಾಯುತ್ತಿದ್ದೇವೆ, ನಿನಗೆ ಏನೂ ಅನ್ನಿಸುವುದಿಲ್ಲವೇ? ಮಾರ್ಕನು ಹೇಳುವ ಪ್ರಕಾರ ಆತನು ಮೊದಲು ಎದ್ದು ಗಾಳಿಯನ್ನು ಗದರಿಸಿದ, ಅವರ ನಂಬಿಕೆಯ ವಿಷಯ ಆಮೇಲೆ ಎತ್ತಿದ. ನಂಬಿಕೆ ಸಾಲದ ಕೂಗಿಗೂ ಆತನು ಎದ್ದನಲ್ಲ. ಕೂಟದ ಆ ಹೆಂಗಸಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದೇ ಇರಬಹುದು. ಅವತ್ತು ತೋಚಿರಲಿಲ್ಲ.

ಅತ್ತೆ ನೀರಿಗೆ ಕೈ ಇಳಿಬಿಟ್ಟು ಕೂತಿದ್ದರು. ಏನೂ ಹೇಳಲಿಲ್ಲ.

ಮೂರನೆಯ ದಿನ

ಕಪೆರ್ನೌಮ್ ಊರಿನ ಅವಶೇಷಗಳೆಲ್ಲ ಕಪ್ಪು ಕಲ್ಲಿನವು. ನಡುವೆ ಬಿಳಿ ಸುಣ್ಣಕಲ್ಲಿನ ಸಭಾಮಂದಿರದ ಕಂಬಗಳು ಎದ್ದು ನಿಂತಿವೆ. ಬಿಳಿಯದು ನಾಲ್ಕು ಐದನೇ ಶತಮಾನದ ಕಟ್ಟಡ. ಅದರ ಬುಡದಲ್ಲಿ ಹಳೆಯ ಕಪ್ಪು ಅಡಿಪಾಯ ಕಾಣಿಸುತ್ತದೆ. ಪಕ್ಕದಲ್ಲೇ ಯೇಸುವಿನ ಶಿಷ್ಯ ಪೇತ್ರನ ಮನೆ ಎಂದು ನಂಬಲಾದ ಜಾಗ, ಅದರ ಮೇಲೆ ಕಂಬಗಳ ಮೇಲೆ ನಿಲ್ಲಿಸಿದ ಹೊಸ ಚರ್ಚು. ನಡುವಿನ ಗಾಜಿನ ನೆಲದಲ್ಲಿ ಬಗ್ಗಿ ನೋಡಿದರೆ ಕೆಳಗೆ ಹಳೆಯ ಗೋಡೆಗಳು ಕಾಣುತ್ತವೆ.

ಇಲ್ಲಿ ನನಗೆ ಸಿಟ್ಟು ಬಂತು. ಮುಚ್ಚಿಡುವುದಿಲ್ಲ. ಸಭಾಮಂದಿರದ ಅಧಿಕಾರಿ ಯಾಯೀರನ ಹನ್ನೆರಡು ವರ್ಷದ ಮಗಳು ಸಾಯುತ್ತಿದ್ದಾಳೆ. ಸ್ವಾಮಿ ಅವನ ಜೊತೆ ಹೊರಡುತ್ತಾನೆ. ದಾರಿಯಲ್ಲಿ ಹನ್ನೆರಡು ವರ್ಷದಿಂದ ರಕ್ತಕುಸುಮ ರೋಗವಿದ್ದ, ರಕ್ತಸ್ರಾವ ನಿಲ್ಲದ ಹೆಂಗಸು ಆತನ ಬಟ್ಟೆ ಮುಟ್ಟುತ್ತಾಳೆ. ಆತನು ನಿಲ್ಲುತ್ತಾನೆ, ಮುಟ್ಟಿದ್ದು ಯಾರು ಎಂದು ಕೇಳುತ್ತಾನೆ, ಅವಳ ಕಥೆಯನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ. ಯಾಯೀರ ಪಕ್ಕದಲ್ಲಿ ನಿಂತಿದ್ದಾನೆ. ಅಷ್ಟರಲ್ಲಿ ಮನೆಯಿಂದ ಸುದ್ದಿ: ಮಗಳು ಹೋದಳು, ಗುರುವಿಗೆ ಇನ್ನು ಯಾಕೆ ತೊಂದರೆ ಕೊಡುತ್ತೀ?

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತವರೆಲ್ಲರಿಗೂ ಆ ನಿಲುಗಡೆ ಗೊತ್ತು. ಪಕ್ಕದ ಮಂಚದವರು ಗುಣವಾಗಿ ಮನೆಗೆ ಹೋಗುತ್ತಾರೆ. ಅವರಿಗಾಗಿ ಸ್ತೋತ್ರ ಹೇಳುತ್ತಲೇ ಒಳಗೊಳಗೆ ನಮ್ಮ ಸರದಿ ಯಾವಾಗ ಎಂದು ಎಣಿಸುತ್ತಿರುತ್ತೇವೆ.

“ಅಂಜಬೇಡ, ನಂಬಿಕೆ ಮಾತ್ರ ಇರಲಿ” ಎಂದು ಸ್ವಾಮಿ ಹೇಳಿದ ಮೇಲೆ ಯಾಯೀರ ಏನಂದ ಎನ್ನುವುದನ್ನು ಮಾರ್ಕ ಬರೆದಿಲ್ಲ. ಮನೆಯ ತನಕ ಇಬ್ಬರೂ ನಡೆದರು, ಅಷ್ಟೇ. ಆ ನಡಿಗೆ ಎಷ್ಟು ಉದ್ದವಿತ್ತೋ. ಮನೆಯಲ್ಲಿ “ತಲಿಥಾ ಕೂಮ್”, ಹುಡುಗೀ ಏಳು, ಎಂಬ ಮಾತು ಕೇಳಿಸಿತು, ಹುಡುಗಿ ಎದ್ದಳು. ನಮ್ಮ ಮನೆಯಲ್ಲಿ ಆ ಮಾತು ಕೇಳಿಸಲಿಲ್ಲ. ಹೀಗಾಗಿ ಮನೆ ಸೇರಿದ ಮೇಲಿನ ಕಥೆಯನ್ನು ಓದುವುದು ನನಗೆ ಇನ್ನೂ ಕಷ್ಟ. ದಾರಿಯ ಭಾಗ ಮಾತ್ರ ನನ್ನದು: ಸುದ್ದಿ ಬಂದಾಗಿದೆ, ಆತನು ಪಕ್ಕದಲ್ಲಿ ನಡೆಯುತ್ತಿದ್ದಾನೆ, ಮುಂದೇನು ಗೊತ್ತಿಲ್ಲ.

ನಾಲ್ಕನೆಯ ದಿನ

ಯೊರ್ದನ್ ಕಣಿವೆಯ ಗುಂಟ ದಕ್ಷಿಣಕ್ಕೆ ಇಡೀ ಬೆಳಿಗ್ಗೆ ಪ್ರಯಾಣ. ಯೆರಿಕೋ ಹತ್ತಿರ ಬರುವ ಹೊತ್ತಿಗೆ ಪೂರ್ವದಲ್ಲಿ, ಲವಣ ಸಮುದ್ರದಾಚೆ, ಮಂಜು ಕವಿದ ಬೆಟ್ಟಸಾಲು ಕಂಡಿತು. ಮೋವಾಬ್ ದೇಶ ಅದೇ ಎಂದರು. ಅತ್ತೆ ಮೊದಲ ಬಾರಿಗೆ ಕಿಟಕಿಯ ಕಡೆ ಬಾಗಿದರು.

“ನೊವೊಮಿ ಬಂದದ್ದು ಅಲ್ಲಿಂದಲೇ ಅಲ್ವಾ?”

“ಹೌದು ಅತ್ತೆ.”

“ಸೊಸೆ ಜೊತೆ.”

ಇಬ್ಬರೂ ಸುಮ್ಮನಾದೆವು. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮಣ್ಣು ಮಾಡಿ ಸೊಸೆ ರೂತಳೊಂದಿಗೆ ಬಂದ ನೊವೊಮಿ ಬೇತ್ಲೆಹೇಮಿನ ಹೆಂಗಸರಿಗೆ, ನನ್ನನ್ನು ಮಾರಾ ಎಂದು ಕರೆಯಿರಿ, ತುಂಬಿದವಳಾಗಿ ಹೋದೆ, ಬರಿಗೈಯವಳನ್ನಾಗಿ ಯೆಹೋವನು ಕರೆತಂದ ಎನ್ನುತ್ತಾಳೆ. ಮಾರಾ ಎಂದರೆ ಕಹಿ. ರೂತಳ ಪುಸ್ತಕದಲ್ಲಿ ಯಾರೂ ಅವಳ ಬಾಯಿ ಮುಚ್ಚಿಸುವುದಿಲ್ಲ. ನನಗೆ ಅದು ದೊಡ್ಡ ಸಮಾಧಾನ.

ಮಧ್ಯಾಹ್ನ ವಾದಿ ಕೆಲ್ಟ್ ಕಮರಿಯ ಅಂಚಿನಲ್ಲಿ ನಿಂತೆವು. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ಹಳೆಯ ದಾರಿ ಇದರ ಪಕ್ಕದಲ್ಲೇ ಹೋಗುತ್ತಿತ್ತು. ಸುಮಾರು 1,000 ಮೀಟರ್ ಇಳಿಜಾರು. ಎದುರು ಬಂಡೆಗೆ ಅಂಟಿಕೊಂಡಂತೆ ಸಂತ ಜಾರ್ಜ್ ಮಠ. ಐದನೇ ಶತಮಾನದಲ್ಲಿ ಶುರುವಾಗಿ, 614ರಲ್ಲಿ ಪರ್ಷಿಯನ್ನರ ದಾಳಿಗೆ ಸಿಕ್ಕಿ ಹಾಳಾಗಿ, 19ನೇ ಶತಮಾನದ ಕೊನೆಗೆ ಮತ್ತೆ ಕಟ್ಟಿದ್ದು. ಕೀರ್ತನೆ 23ರ ಕಾರ್ಗತ್ತಲಿನ ಕಣಿವೆ ಇಂಥದ್ದೇ ಎಂದು ಇಲ್ಲಿಗೆ ಬರುವವರು ಹೇಳುತ್ತಾರೆ. ಬಿಸಿಲಿನಲ್ಲೂ ಕಮರಿಯ ತಳ ಕಪ್ಪಗಿತ್ತು.

ಬಾಯಿಪಾಠವಾಗಿರುವ ಆ ಕೀರ್ತನೆಯನ್ನು ಎಲ್ಲರೂ ಒಟ್ಟಿಗೆ ಹೇಳಿದೆವು. ನೂರಾರು ಬಾರಿ ಹೇಳಿಯೂ ಗಮನಿಸದ ಒಂದು ಸಂಗತಿ ಇಲ್ಲಿ ಕಿವಿಗೆ ಬಿತ್ತು. ಹಸುರುಗಾವಲು, ತಿಳಿನೀರು ಇರುವ ತನಕ ದಾವೀದ ದೇವರನ್ನು ಆತನು ಎನ್ನುತ್ತಾನೆ. ಆತನು ತಂಗಿಸುತ್ತಾನೆ, ಆತನು ನಡೆಸುತ್ತಾನೆ. ಕಣಿವೆಗೆ ಇಳಿದ ಕೂಡಲೇ ಮಾತು ತಿರುಗುತ್ತದೆ. ನೀನು ಹತ್ತಿರ ಇದ್ದೀ, ನಿನ್ನ ದೊಣ್ಣೆ, ನಿನ್ನ ಕೋಲು. ಹೊರಗೆ ಬೆಳಕಿದ್ದಾಗ ದೇವರ ವಿಷಯ ಮಾತಾಡುತ್ತಿದ್ದವನು ಕತ್ತಲಲ್ಲಿ ದೇವರೊಂದಿಗೇ ಮಾತಾಡತೊಡಗಿದ. ಅತ್ತೆಯ ತುಟಿ ಅಲುಗಲಿಲ್ಲ.

ಐದನೆಯ ದಿನ

ಹಿಜ್ಕೀಯನ ಸುರಂಗದ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಯೆಹೂದದ ಈ ಅರಸನ ಜೊತೆ ನನಗೆ ಹಳೆಯ ಲೆಕ್ಕವಿದೆ.

ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಊರುಗಳನ್ನು ಒಂದೊಂದಾಗಿ ಮುರಿದು ಯೆರೂಸಲೇಮಿಗೆ ಬಂದ. ಪಂಜರದ ಹಕ್ಕಿಯಂತೆ ಹಿಜ್ಕೀಯನನ್ನು ಕೂಡಿಹಾಕಿದೆ ಎಂದು ಅವನೇ ಬರೆಸಿದ ಶಾಸನ ಸಿಕ್ಕಿದೆ. ಪಟ್ಟಣಕ್ಕೆ ನೀರು ಗೀಹೋನ್ ಬುಗ್ಗೆಯದು, ಅದು ಗೋಡೆಯ ಹೊರಗಿತ್ತು. ಹಿಜ್ಕೀಯ ಬಂಡೆ ಕೊರೆಸಿ ನೀರನ್ನು ಒಳಗೆ ತಂದ. ಎರಡನೆಯ ಅರಸುಗಳ ಪುಸ್ತಕದಲ್ಲೂ ಪೂರ್ವಕಾಲವೃತ್ತಾಂತದಲ್ಲೂ ಇದರ ಮಾತು ಬರುತ್ತದೆ. ಯೆಹೋವನಲ್ಲಿ ಭರವಸೆ ಇಟ್ಟವರಲ್ಲಿ ಅವನಂಥ ಅರಸ ಯೆಹೂದದಲ್ಲಿ ಇನ್ನೊಬ್ಬನಿರಲಿಲ್ಲ ಎಂದು ಹೇಳಿದ ಪುಸ್ತಕವೇ ಅವನು ಕಾಲುವೆ ಮಾಡಿಸಿದ್ದನ್ನೂ ಹೇಳುತ್ತದೆ. ಪ್ರವಾದಿ ಯೆಶಾಯ ಮಾತ್ರ ಎಚ್ಚರಿಸುತ್ತಾನೆ: ನೀರು ಕೂಡಿಟ್ಟಿರಿ, ಇದನ್ನು ಏರ್ಪಡಿಸಿದಾತನ ಕಡೆ ನೋಡಲಿಲ್ಲ. ಅಗೆಯುವುದು ತಪ್ಪಲ್ಲ, ಅಗೆಯುತ್ತಾ ಮೇಲೆ ನೋಡುವುದನ್ನು ಮರೆತರೆ ತಪ್ಪು ಎಂದು ನಾನು ಓದಿಕೊಳ್ಳುತ್ತೇನೆ. ಚಿಕಿತ್ಸೆಗೆ ಹೋದದ್ದು ಅವಿಶ್ವಾಸ ಎಂದು ನಮಗೆ ಹೇಳಿದವರೂ ಇದ್ದರು. ಅದೇ ಹಿಜ್ಕೀಯ ಸಾಯುವ ಹಾಗಾದಾಗ ಪ್ರಾರ್ಥನೆಯೂ ಆಯಿತು, ಹುಣ್ಣಿಗೆ ಅಂಜೂರದ ಉಂಡೆಯನ್ನೂ ಕಟ್ಟಿದರು.

ಹಳೆಯ ಲೆಕ್ಕ ಅಂದೆನಲ್ಲ, ಅದು ಇಲ್ಲಿಯದು. ಸನ್ಹೇರೀಬನ ಬೆದರಿಕೆಯ ಪತ್ರವನ್ನು ಹಿಜ್ಕೀಯ ದೇವಾಲಯಕ್ಕೆ ಒಯ್ದು ಯೆಹೋವನ ಮುಂದೆ ಹರವಿದ. ನಾನೂ ಹಾಗೇ ಮಾಡಿದ್ದೆ. ಕಾಯಿಲೆ ಮರಳಿದ ವರದಿಯನ್ನು ಮಂಚದ ಮೇಲೆ ಹಾಸಿ, ಒಂದೊಂದು ಹಾಳೆಯ ಮೇಲೂ ಕೈಯಿಟ್ಟು ಪ್ರಾರ್ಥಿಸಿದ್ದೆ. ಹಿಜ್ಕೀಯನಿಗೆ ಪಟ್ಟಣ ಉಳಿಯಿತು, ಆಯುಸ್ಸಿಗೆ ಹದಿನೈದು ವರ್ಷ ಕೂಡಿತು. ನಾನು ಕೇಳಿದ್ದು ಮಗಳ ಓದು ಮುಗಿಯುವ ತನಕ, ಎರಡೇ ವರ್ಷ.

ಸುರಂಗದ ಉದ್ದ 533 ಮೀಟರ್. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಅತ್ತೆಯ ಮಂಡಿನೋವಿಗೆ ಇದು ಆಗದು. ಅವರು ಬೇರೆ ದಾರಿಯಿಂದ ಸಿಲೋವ ಕೊಳಕ್ಕೆ ಹೋಗಿ ಕಾಯುವುದೆಂದಾಯಿತು. ನಾನು ಚಪ್ಪಲಿ ಕಳಚದೆ ನೀರಿಗಿಳಿದೆ. ಮೊದಲು ತೊಡೆಯ ತನಕ ತಣ್ಣನೆಯ ನೀರು, ಆಮೇಲೆ ಮಂಡಿಯ ಕೆಳಗೆ. ಟಾರ್ಚಿನ ಬೆಳಕಿನಲ್ಲಿ ಗೋಡೆಯ ಮೇಲೆ ಉಳಿಯ ಏಟುಗಳು ಇನ್ನೂ ಕಾಣುತ್ತವೆ. ದಾರಿ ಹಾವಿನಂತೆ ಸುತ್ತುತ್ತದೆ, ಮುಂದಿನವರ ಬೆನ್ನೂ ತಿರುವಿನಲ್ಲಿ ಮಾಯ.

ಎರಡು ತಂಡಗಳು ಎರಡು ತುದಿಯಿಂದ ಕೊರೆಯುತ್ತಾ ಬಂದವಂತೆ. ದಿಕ್ಸೂಚಿ ಇಲ್ಲದ ಕಾಲ. 1880ರಲ್ಲಿ ಸಿಲೋವದ ತುದಿಯ ಹತ್ತಿರ ಹುಡುಗರ ಕಣ್ಣಿಗೆ ಬಿದ್ದ ಆರು ಸಾಲಿನ ಶಾಸನ ಆ ದಿನದ ಕಥೆ ಹೇಳುತ್ತದೆ. ಮೂಲ ಕಲ್ಲು ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಅರಸನ ಹೆಸರಿಲ್ಲ, ಬರೀ ಕೂಲಿಯವರ ಮಾತು. ಇನ್ನೂ ಮೂರು ಮೊಳ ಬಂಡೆ ಉಳಿದಿರುವಾಗ ಒಬ್ಬನು ಇನ್ನೊಬ್ಬನನ್ನು ಕರೆಯುವ ದನಿ ಕೇಳಿಸಿತು. ಆಮೇಲೆ ಒಬ್ಬರ ಕಡೆಗೆ ಒಬ್ಬರು, ಗುದ್ದಲಿಗೆ ಗುದ್ದಲಿ ಎದುರಾಗಿ ಕಡಿದರು. ನೀರು ಬುಗ್ಗೆಯಿಂದ ಕೊಳಕ್ಕೆ 1,200 ಮೊಳ ಹರಿಯಿತು.

ಎರಡು ತಂಡಗಳು ಕೂಡಿದ ಜಾಗದ ಹತ್ತಿರ ಸುರಂಗ ಅತ್ತಿತ್ತ ತಿರುಗುತ್ತದೆ. ಕೊರೆಯಲು ಶುರುಮಾಡಿ ಬಿಟ್ಟ ಒಂದೆರಡು ಮೊಂಡು ಗೂಡುಗಳಿವೆ. ತಪ್ಪು ದಿಕ್ಕು ಎಂದು ಗೊತ್ತಾಗಿ, ದನಿಯನ್ನು ಮತ್ತೆ ಆಲಿಸಿ, ತಿರುಗಿ ಕಡಿದ ಗುರುತು. ಗೈಡ್ ಎಲ್ಲರಿಗೂ ಟಾರ್ಚ್ ಆರಿಸಲು ಹೇಳಿದ. ಅಂಥ ಕತ್ತಲನ್ನು ನಾನು ಕಂಡಿರಲಿಲ್ಲ. ಕೈ ಎತ್ತಿ ಕಣ್ಣಿಗೆ ತಂದರೂ ಕೈಯಿಲ್ಲ. ಕಾಲ ಬಳಿ ನೀರು ಮಾತ್ರ ಒಂದೇ ದಿಕ್ಕಿಗೆ ಎಳೆಯುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ, ಬಂಡೆಗೆ ಕೈ ಆನಿಸಿಕೊಂಡು, ಕರ್ತನೇ ಎಂದೆ. ಮುಂದಕ್ಕೆ ಮಾತು ಹೊಳೆಯಲಿಲ್ಲ. ಮತ್ತೆ ಕರ್ತನೇ ಎಂದೆ. ಉತ್ತರ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬಂಡೆಯ ಆಚೆ ಯಾರೂ ಇಲ್ಲ ಎಂದು ಮಾತ್ರ ಆಗ ಅನ್ನಿಸಲಿಲ್ಲ.

ಸಿಲೋವದ ಬೆಳಕಿಗೆ ಬಂದಾಗ ಅತ್ತೆ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದರು. ನನ್ನ ಒದ್ದೆ ಸೆರಗನ್ನು ಹಿಂಡುತ್ತಾ ಕೇಳಿದರು:

“ಆ ಹುಟ್ಟುಕುರುಡನನ್ನು ತೊಳಕೊಂಡು ಬಾ ಅಂತ ಕಳಿಸಿದ್ದು ಇಲ್ಲಿಗೇ ಅಲ್ವಾ?”

“ಹೌದು ಅತ್ತೆ.”

“ಯಾರು ಪಾಪ ಮಾಡಿದ್ದಕ್ಕೆ ಹೀಗಾಯ್ತು ಅಂತ ಶಿಷ್ಯರು ಕೇಳಿದರಲ್ಲ. ಇವನೋ, ಇವನ ಹೆತ್ತವರೋ ಅಂತ.” ಸ್ವಲ್ಪ ಹೊತ್ತು ನೀರು ನೋಡಿದರು. “ನಾನು ಹೆತ್ತವಳು. ಅವತ್ತಿಂದ ದಿನಾ ರಾತ್ರಿ ಹುಡುಕ್ತಾ ಇದ್ದೀನಿ, ನನ್ನ ಯಾವ ಪಾಪಕ್ಕೆ ಅವನು ಹೋದ ಅಂತ.”

ಅಷ್ಟು ದಿನ ಅವರ ಮೌನವನ್ನು ನಾನು ಸಿಟ್ಟು ಅಂದುಕೊಂಡಿದ್ದೆ. ಒಂದೇ ಮನೆಯಲ್ಲಿದ್ದೂ ಗೊತ್ತಾಗಲಿಲ್ಲ.

“ಸ್ವಾಮಿ ಏನಂದ ಅತ್ತೆ? ಇವನೂ ಮಾಡಲಿಲ್ಲ, ಹೆತ್ತವರೂ ಮಾಡಲಿಲ್ಲ ಅಂದನಲ್ಲ.”

“ಗೊತ್ತು” ಎಂದರು. “ಓದಿದ್ದೀನಿ. ಇನ್ನೊಂದು ಸಲ ಹೇಳು.”

ಹೇಳಿದೆ.

ಆರನೆಯ ದಿನ

ಎಣ್ಣೆ ಮರಗಳ ಗುಡ್ಡದ ಬುಡದಲ್ಲಿ ಗೆತ್ಸೇಮನೆ, ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ತೋಟ. ಹೆಸರಿನ ಅರ್ಥ ಎಣ್ಣೆಯ ಗಾಣ. ಬೇಲಿಯೊಳಗೆ ಎಂಟು ಮುದಿ ಆಲಿವ್ ಮರಗಳಿವೆ, ಕಾಂಡಗಳು ಒಡೆದು ಟೊಳ್ಳಾಗಿವೆ. ಮೂರು ಮರಗಳ ಕಾಂಡವನ್ನು ಪರೀಕ್ಷಿಸಿದಾಗ 12ನೇ ಶತಮಾನದ ಕಾಲ ಬಂತೆಂದು 2012ರಲ್ಲಿ ತಿಳಿಸಿದರು. ಎಂಟೂ ಒಂದೇ ತಾಯಿಮರದ ಸಂತಾನವಂತೆ. ಪಕ್ಕದ ಚರ್ಚು 1924ರದ್ದು. ಕಿಟಕಿಗಳ ನೇರಳೆ ಕಲ್ಲಿನಿಂದಾಗಿ ಹಗಲಲ್ಲೂ ಒಳಗೆ ಮುಸ್ಸಂಜೆ. ವೇದಿಕೆಯ ಮುಂದೆ ಬರೀ ಬಂಡೆ.

ದುಃಖಿಸುವವರಿಗೆ ಅಳಬೇಡ, ಅಳುವುದು ಅಪನಂಬಿಕೆ ಎಂದು ಹೇಳುವವರು ಈ ಬಂಡೆಯ ಮುಂದೆ ಒಂದು ಗಳಿಗೆ ಮೊಣಕಾಲೂರಬೇಕು. ಸಾಧ್ಯವಿದ್ದರೆ ಈ ಪಾತ್ರೆಯನ್ನು ತೊಲಗಿಸು ಎಂದು ಯೇಸು ಒಂದು ಸಲ ಕೇಳಿ ಬಿಡಲಿಲ್ಲ, ಮೂರು ಸಲ ಹೋಗಿ ಕೇಳಿದ. ಗೆಳೆಯರು ಎಚ್ಚರವಾಗಿರಲಿ ಎಂದು ಬೇಡಿಕೊಂಡ. ಆತನು ಗಟ್ಟಿಯಾಗಿ ಕೂಗಿ ಕಣ್ಣೀರಿಟ್ಟು ಪ್ರಾರ್ಥಿಸಿದ, ದೇವರು ಕೇಳಿದ ಎನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೇ ಅಧ್ಯಾಯ. ದೇವರು ಕೇಳಿದ. ಪಾತ್ರೆ ಮಾತ್ರ ತೊಲಗಲಿಲ್ಲ. ಇವೆರಡೂ ಒಟ್ಟಿಗೆ ಇರಬಹುದೆಂದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ನನ್ನ ಗಂಡನ ಪ್ರಾರ್ಥನೆಯನ್ನು ದೇವರು ಕೇಳಲಿಲ್ಲ ಎಂದೇ ಹೇಳಿಕೊಂಡು ಬಂದಿದ್ದೆ.

ಮಧ್ಯಾಹ್ನ, ಪೇತ್ರ ಯೇಸುವನ್ನು ಅರಿಯೆನೆಂದಾಗ ಕೋಳಿ ಕೂಗಿದ್ದರ ನೆನಪಿಗೆ ಕಟ್ಟಿದ ಸಂತ ಪೇತ್ರನ ಚರ್ಚಿಗೆ ಹೋದೆವು. ಮಹಾಯಾಜಕ ಕಾಯಫನ ಮನೆ ಇದ್ದದ್ದು ಇಲ್ಲೇ ಎಂದು ಹಲವರು ನಂಬುತ್ತಾರೆ. ಕೆಳಗೆ ಬಂಡೆಯಲ್ಲಿ ಕೊರೆದ ಆಳದ ಗುಂಡಿ, ಯೇಸುವನ್ನು ಆ ರಾತ್ರಿ ಇರಿಸಿದ್ದ ಜಾಗ ಎನ್ನುತ್ತಾರೆ. ಈಗ ಮೆಟ್ಟಿಲುಗಳಿವೆ. ತಳದಲ್ಲಿ ಒಂದು ಪುಸ್ತಕ ಇಟ್ಟಿದ್ದಾರೆ, ಹಲವು ಭಾಷೆಗಳಲ್ಲಿ ಕೀರ್ತನೆ 88. ಅತ್ತೆ ಮಂಡಿ ಹಿಡಿದುಕೊಂಡೇ ಇಳಿದರು. ತಮ್ಮ ಕನ್ನಡ ಸತ್ಯವೇದ ತೆಗೆದು ನನ್ನ ಕೈಗಿತ್ತು, “ಓದು” ಎಂದರು.

ಓದಿದೆ. ರಕ್ಷಿಸುವ ದೇವರೇ ಎಂದು ಶುರುವಾಗುತ್ತದೆ, ಆಮೇಲೆ ಬೆಳಕಿನ ಒಂದು ಗೆರೆಯೂ ಇಲ್ಲ. ನನ್ನನ್ನು ಆಳದ ಗುಂಡಿಯಲ್ಲಿ ಹಾಕಿದ್ದೀ. ನನ್ನ ಆಪ್ತರನ್ನು ದೂರ ಮಾಡಿದ್ದೀ. ದಿನವೂ ನಿನ್ನನ್ನು ಕರೆಯುತ್ತೇನೆ. ನನಗೆ ಯಾಕೆ ವಿಮುಖನಾಗಿದ್ದೀ? ಬೇರೆ ಗೋಳಿನ ಕೀರ್ತನೆಗಳು ಕೊನೆಯಲ್ಲಿ ಹೇಗೋ ಸ್ತೋತ್ರಕ್ಕೆ ತಿರುಗುತ್ತವೆ. ಇದು ಕತ್ತಲು ಎಂಬಲ್ಲಿಗೇ ನಿಲ್ಲುತ್ತದೆ.

ಅತ್ತೆ ಕಾದರು. “ಮುಂದೆ?”

“ಇಷ್ಟೇ ಅತ್ತೆ. ಮುಗೀತು.”

ಪುಸ್ತಕವನ್ನು ವಾಪಸು ತಗೊಂಡು ತಾವೇ ಕನ್ನಡಕ ಸರಿಮಾಡಿ ನೋಡಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

“ಇದನ್ನೂ ವೇದದಲ್ಲಿ ಇಟ್ಟಿದ್ದಾನಲ್ಲ” ಎಂದರು. “ಕಿತ್ತು ಹಾಕಲಿಲ್ಲವಲ್ಲ.”

ಏಳನೆಯ ದಿನ

ಐದು ಗಂಟೆಗೆ ಬಸ್ಸು. ಅದಕ್ಕೂ ಮುಂಚೆ, ಇನ್ನೂ ಪೂರ್ತಿ ಕತ್ತಲಿರುವಾಗ, ನನಗೆ ಎಚ್ಚರವಾಯಿತು. ಕೋಣೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನಿಸಿತು. ಎರಡು ಮಂಚಗಳ ನಡುವೆ ಮೂರು ಮೊಳದಷ್ಟು ಜಾಗ. ಆಚೆ ಅತ್ತೆ ಎದ್ದು ಕೂತಿದ್ದರು.

ದನಿ ತಗ್ಗಿತ್ತು, ಎಲ್ಲವೂ ಕೇಳಿಸಲಿಲ್ಲ. ಅವನ ಹೆಸರು ಕೇಳಿಸಿತು. ಹುಟ್ಟಿದಾಗ ನಿನಗೇ ಒಪ್ಪಿಸಿದ್ದೆನಲ್ಲ ಎಂದದ್ದು ಕೇಳಿಸಿತು. ಕೊನೇ ವಾರ ಅವನು ನೀರು ಕೇಳಿದ, ಕೊಡಬೇಡಿ ಅಂದರು, ನೀನು ನೋಡ್ತಿದ್ದೆಯಲ್ಲ ಎಂದರು. ಸಿಟ್ಟಿತ್ತು, ಅಳುವಿತ್ತು. ನಡುನಡುವೆ ಸುಮ್ಮನಾಗಿ ಮತ್ತೆ ಶುರುಮಾಡುತ್ತಿದ್ದರು. ಸ್ತೋತ್ರದ ಮಾತು ಒಂದೂ ಇರಲಿಲ್ಲ. ಪ್ರತಿ ಮಾತೂ ನೀನು, ನೀನು ಎಂದೇ.

ನಾನು ಹೊರಳಿದ್ದು ಗೊತ್ತಾಗಿರಬೇಕು.

“ಎದ್ದಿದ್ದೀಯಾ?”

“ಹೂಂ ಅತ್ತೆ. ದೀಪ ಹಾಕ್ಲಾ?”

“ಬೇಡ, ಇರು” ಎಂದರು. “ನಂದಿನ್ನೂ ಮುಗಿದಿಲ್ಲ.”